ಕ್ರೀಡಾಪಟುಗಳಲ್ಲಿ ಆಹಾರ ಸೇವನೆಯ ಅಸ್ವಸ್ಥತೆಗಳು

ಕ್ರೀಡಾಪಟುಗಳಲ್ಲಿ ಆಹಾರ ಸೇವನೆಯ ಅಸ್ವಸ್ಥತೆಗಳು ಎಂದರೆ ದೇಹದ ತೂಕ, ಮೈಕಟ್ಟು ಮತ್ತು ಸ್ಪರ್ಧೆಯ ಫಲಿತಾಂಶಗಳ ಒತ್ತಡದ ನಡುವೆ ತಲೆದೋರಿ, ವ್ಯಕ್ತಿಗೂ ಊಟಕ್ಕೂ ಇರುವ ಸಹಜ ಸಂಬಂಧವನ್ನು ಕೆಡಿಸುವ ಮಾನಸಿಕ ಕಾಯಿಲೆಗಳು. ಅನೋರೆಕ್ಸಿಯಾ ನರ್ವೋಸಾ, ಬುಲಿಮಿಯಾ ನರ್ವೋಸಾ ಮತ್ತು ಅತಿಸೇವನೆಯ ಅಸ್ವಸ್ಥತೆ ಇವುಗಳಲ್ಲಿ ಮುಖ್ಯವಾದವು. ಖಿನ್ನತೆ ಮತ್ತು ಆತಂಕ ಇವುಗಳ ಜೊತೆಯಲ್ಲಿ ಸಾಮಾನ್ಯವಾಗಿ ಕಂಡುಬರುತ್ತವೆ. ಮೈಮಾಟಕ್ಕೆ ಬೆಲೆಯಿರುವ ಫಿಗರ್ ಸ್ಕೇಟಿಂಗ್ ಮತ್ತು ಜಿಮ್ನಾಸ್ಟಿಕ್ಸ್, ಹಗುರ ದೇಹವನ್ನು ಬೇಡುವ ದೂರದ ಓಟ, ತೂಕದ ವಿಭಾಗಗಳಿರುವ ಕುಸ್ತಿ ಮುಂತಾದ ಕ್ರೀಡೆಗಳಲ್ಲಿ ಅಪಾಯ ಹೆಚ್ಚು. ಕ್ರೀಡಾಪಟುಗಳು ತಾವಾಗಿಯೇ ಬಹಿರಂಗವಾಗಿ ಹೇಳಿಕೊಂಡ ಪ್ರಕರಣಗಳು ಫಿಗರ್ ಸ್ಕೇಟಿಂಗ್‌ನಲ್ಲಿ ಗಮನಾರ್ಹ ಸಂಖ್ಯೆಯಲ್ಲಿವೆ. ಕರ್ನಾಟಕದಲ್ಲಿ ಸ್ಕೇಟಿಂಗ್ ಎಂದರೆ ಬಹುಮಟ್ಟಿಗೆ ಗಾಲಿ ಸ್ಕೇಟಿಂಗ್. ಮಂಜುಗಡ್ಡೆಯ ಮೇಲಿನ ಸ್ಕೇಟಿಂಗ್ ಅತಿ ವಿರಳ. ಆದರೂ ಯಲಹಂಕದಿಂದ ದೇವನಹಳ್ಳಿಯ ಕಡೆಗೆ ಹಬ್ಬಿರುವ ಉತ್ತರ ಬೆಂಗಳೂರು ಉನ್ನತ ಮಟ್ಟದ ಕ್ರೀಡಾ ತರಬೇತಿಯ ನೆಲೆಯಾಗಿ ಬೆಳೆದಿರುವುದರಿಂದ ಈ ವಿಷಯ ರಾಜ್ಯಕ್ಕೆ ದೂರದ್ದಲ್ಲ.

ಪರಿಭಾಷೆ

ಅನೋರೆಕ್ಸಿಯಾದಲ್ಲಿ ರೋಗಿಯು ಆಹಾರವನ್ನು ತೀವ್ರವಾಗಿ ಮಿತಿಗೊಳಿಸುತ್ತಾನೆ ಅಥವಾ ಮಿತಿಗೊಳಿಸುತ್ತಾಳೆ. ತೂಕ ಅಪಾಯದ ಮಟ್ಟಕ್ಕೆ ಇಳಿದರೂ ದಪ್ಪಗಾಗುವ ಭಯ ಹೋಗುವುದಿಲ್ಲ. ಬುಲಿಮಿಯಾದಲ್ಲಿ ಹತೋಟಿ ತಪ್ಪಿ ತಿನ್ನುವುದು ಮತ್ತು ತಿಂದದ್ದನ್ನು ವಾಂತಿ, ಉಪವಾಸ ಅಥವಾ ಮಿತಿಮೀರಿದ ವ್ಯಾಯಾಮದ ಮೂಲಕ ಸರಿದೂಗಿಸಲು ಯತ್ನಿಸುವುದು ಒಂದರ ಹಿಂದೊಂದು ನಡೆಯುತ್ತವೆ. ಇಲ್ಲಿ ತೂಕ ಸಾಮಾನ್ಯ ಮಟ್ಟದಲ್ಲಿಯೇ ಇರಬಹುದಾದ್ದರಿಂದ ಕಾಯಿಲೆ ವರ್ಷಗಟ್ಟಲೆ ಹೊರಗೆ ಕಾಣದೆ ಉಳಿಯುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯು ಅನೋರೆಕ್ಸಿಯಾದ ಲಕ್ಷಣಗಳ ಪಟ್ಟಿಯಿಂದ ಮುಟ್ಟು ನಿಲ್ಲುವುದನ್ನು ಕೈಬಿಟ್ಟಿತು. ಇದರಿಂದ ಪುರುಷರಲ್ಲಿಯೂ ಬಾಲಕಿಯರಲ್ಲಿಯೂ ಕಾಯಿಲೆಯನ್ನು ಗುರುತಿಸುವುದು ಸುಲಭವಾಯಿತು.

ಕ್ರೀಡಾವೈದ್ಯಶಾಸ್ತ್ರವು ಇದೇ ವಿಷಯವನ್ನು ಇನ್ನೊಂದು ದಾರಿಯಿಂದ ತಲುಪಿತು. ಅಪೌಷ್ಟಿಕ ಆಹಾರ ಸೇವನೆ, ಮುಟ್ಟಿನ ಸ್ಥಗಿತ ಮತ್ತು ಮೂಳೆಗಳ ದೌರ್ಬಲ್ಯ ಒಟ್ಟಾಗಿ ಕಾಣಿಸಿಕೊಳ್ಳುವುದನ್ನು 1990ರ ದಶಕದಲ್ಲಿ 'ಮಹಿಳಾ ಕ್ರೀಡಾಪಟುವಿನ ತ್ರಿಲಕ್ಷಣ' ಎಂದು ಕರೆಯಲಾಯಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿ ಈ ಪರಿಕಲ್ಪನೆಯನ್ನು ವಿಸ್ತರಿಸಿ 'ಕ್ರೀಡೆಯಲ್ಲಿನ ಸಾಪೇಕ್ಷ ಶಕ್ತಿಕೊರತೆ' ಎಂಬ ಹೆಸರು ಕೊಟ್ಟಿತು. 2018 ಮತ್ತು 2023ರಲ್ಲಿ ಅದನ್ನು ಪರಿಷ್ಕರಿಸಿತು. ವ್ಯಾಯಾಮಕ್ಕೆ ಖರ್ಚಾದ ಶಕ್ತಿಯನ್ನು ಕಳೆದ ಮೇಲೆ ದೇಹದ ದೈನಂದಿನ ಕೆಲಸಗಳಿಗೆ ಸಾಕಷ್ಟು ಶಕ್ತಿ ಉಳಿಯದಿದ್ದರೆ ಹಾರ್ಮೋನು, ಮೂಳೆ, ಹೃದಯ, ರೋಗನಿರೋಧಕ ಶಕ್ತಿ, ಮನಃಸ್ಥಿತಿ ಎಲ್ಲವೂ ಕೆಡುತ್ತವೆ ಎಂಬುದು ಇದರ ತಿರುಳು. ಪುರುಷರಿಗೂ ಇದು ಅನ್ವಯಿಸುತ್ತದೆ. ಈ ಕೊರತೆ ಉಂಟಾಗಲು ಮಾನಸಿಕ ಕಾಯಿಲೆ ಇರಲೇಬೇಕೆಂದಿಲ್ಲ. ಅಭ್ಯಾಸದ ಪ್ರಮಾಣಕ್ಕೆ ತಕ್ಕಷ್ಟು ಉಣ್ಣಬೇಕೆಂಬುದು ತಿಳಿಯದ ಹದಿಹರೆಯದ ಓಟಗಾರನಿಗೂ ಇದು ಬರಬಹುದು.

ಕನ್ನಡದಲ್ಲಿ ಈ ಕಾಯಿಲೆಗಳಿಗೆ ರೂಢಿಯಲ್ಲಿ ನೆಲೆನಿಂತ ಹೆಸರಿಲ್ಲ. ಮನೆಮಾತಿನಲ್ಲಿ 'ಊಟ ಸೇರುತ್ತಿಲ್ಲ', 'ಗ್ಯಾಸ್ಟ್ರಿಕ್ ಆಗಿದೆ' ಅಥವಾ 'ಡಯಟ್ ಮಾಡುತ್ತಿದ್ದಾಳೆ' ಎನ್ನುವುದುಂಟು. ಮೊದಲೆರಡು ಮಾತುಗಳು ತೊಂದರೆಯನ್ನು ಹೊಟ್ಟೆಗೆ ಹೊರಿಸುತ್ತವೆ, ಮೂರನೆಯದು ಅದನ್ನು ಸ್ವಂತ ಆಯ್ಕೆಯಾಗಿ ಕಾಣುತ್ತದೆ. ಮನೋವೈದ್ಯರ ಬಳಿಗೆ ಕರೆದೊಯ್ಯುವ ದಾರಿ ಯಾವುದರಲ್ಲಿಯೂ ಇಲ್ಲ. ಏಷ್ಯಾದ ಕೆಲವು ರೋಗಿಗಳು ದಪ್ಪಗಾಗುವ ಭಯವನ್ನು ಹೇಳದೆ ಹೊಟ್ಟೆ ಉಬ್ಬರ, ಹಸಿವಿಲ್ಲದಿರುವಿಕೆ ಎಂದಷ್ಟೇ ಹೇಳಿಕೊಳ್ಳುತ್ತಾರೆ ಎಂಬುದನ್ನು ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ 1990ರ ದಶಕದಲ್ಲಿಯೇ ದಾಖಲಿಸಿದ್ದರು.

ವ್ಯಾಪ್ತಿ

ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುವ ಸಮೀಕ್ಷೆ ನಾರ್ವೆಯದು. ಸುಂಡ್‌ಗಾಟ್-ಬೋರ್ಗೆನ್ ಮತ್ತು ಟೋರ್ಸ್ಟ್‌ವೈಟ್ 2004ರಲ್ಲಿ ಪ್ರಕಟಿಸಿದ ಆ ಅಧ್ಯಯನವು 1620 ಉನ್ನತ ಮಟ್ಟದ ಕ್ರೀಡಾಪಟುಗಳನ್ನು 1696 ಸಾಮಾನ್ಯ ಜನರೊಂದಿಗೆ ಹೋಲಿಸಿತು. ಆಹಾರ ಸೇವನೆಯ ಅಸ್ವಸ್ಥತೆ ಕ್ರೀಡಾಪಟುಗಳಲ್ಲಿ ಶೇಕಡ 13.5ರಷ್ಟು, ಇತರರಲ್ಲಿ ಶೇಕಡ 4.6ರಷ್ಟು ಇತ್ತು. ಪುರುಷ ಕ್ರೀಡಾಪಟುಗಳಲ್ಲಿ ಶೇಕಡ 8, ಮಹಿಳಾ ಕ್ರೀಡಾಪಟುಗಳಲ್ಲಿ ಶೇಕಡ 20. ಚೆಲುವಿಗೆ ಅಂಕ ಸಿಗುವ ಕ್ರೀಡೆಗಳ ಮಹಿಳೆಯರಲ್ಲಿ ಈ ಪ್ರಮಾಣ ಶೇಕಡ 42ಕ್ಕೆ ಏರಿತ್ತು. ಚೆಂಡಾಟಗಳ ಮಹಿಳೆಯರಲ್ಲಿ ಅದು ಶೇಕಡ 16 ಮಾತ್ರ. ಕ್ರೀಡೆಯೇ ಕಾಯಿಲೆಗೆ ಕಾರಣವೋ, ಆ ಸ್ವಭಾವದವರೇ ಅಂಥ ಕ್ರೀಡೆಯತ್ತ ಸೆಳೆಯಲ್ಪಡುತ್ತಾರೋ ಎಂಬ ಪ್ರಶ್ನೆಗೆ ಇಂಥ ಸಮೀಕ್ಷೆ ಉತ್ತರ ಕೊಡಲಾರದು.

ಫಿಗರ್ ಸ್ಕೇಟಿಂಗ್

ಫಿಗರ್ ಸ್ಕೇಟಿಂಗ್‌ನಲ್ಲಿ ತೂಕದ ಒತ್ತಡ ಎರಡು ಕಡೆಯಿಂದ ಬರುತ್ತದೆ. ಒಂದು, ಭೌತಶಾಸ್ತ್ರ. ಗಾಳಿಯಲ್ಲಿ ಮೂರು ಅಥವಾ ನಾಲ್ಕು ಸುತ್ತು ತಿರುಗಲು ಸಿಗುವ ಕಾಲ ಒಂದು ಸೆಕೆಂಡಿಗಿಂತಲೂ ಕಡಿಮೆ. ದೇಹದ ಭಾರ ತಿರುಗುವ ಅಕ್ಷಕ್ಕೆ ಹತ್ತಿರವಿದ್ದಷ್ಟೂ ವೇಗ ಹೆಚ್ಚುತ್ತದೆ. ಆದ್ದರಿಂದ ಸೊಂಟ, ತೊಡೆಗಳು ಇನ್ನೂ ತುಂಬಿಕೊಳ್ಳದ ಹದಿಮೂರು ಹದಿನಾಲ್ಕರ ಬಾಲಕಿಗೆ ಅನುಕೂಲವಿರುತ್ತದೆ. ಮೈನೆರೆದಂತೆ ಆ ಅನುಕೂಲ ಕರಗುತ್ತದೆ. ಸಹಜ ಬೆಳವಣಿಗೆಯೇ ಹಿನ್ನಡೆಯಂತೆ ಕಾಣತೊಡಗುವುದು ಇಲ್ಲಿಂದ. ಎರಡನೆಯದು, ತೀರ್ಪುಗಾರರ ಕಣ್ಣು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ತೀರ್ಪು ಹಗರಣದ ನಂತರ 2004ರಿಂದ ಜಾರಿಯಾದ ಹೊಸ ಅಂಕ ಪದ್ಧತಿ ಪ್ರತಿ ಜಿಗಿತಕ್ಕೂ ನಿಶ್ಚಿತ ಮೌಲ್ಯ ಕೊಟ್ಟಿತಾದರೂ ಬಿಗಿಯುಡುಪಿನಲ್ಲಿ ಕಾಣುವ ದೇಹವನ್ನು ಪ್ರದರ್ಶನದಿಂದ ಬೇರ್ಪಡಿಸಲಾಗಲಿಲ್ಲ. ಹೊಸ ಪದ್ಧತಿಯು ಕಠಿಣ ಜಿಗಿತಗಳಿಗೆ ಹೆಚ್ಚು ಅಂಕ ಕೊಟ್ಟು ಹಗುರ ದೇಹದ ಬೆಲೆಯನ್ನು ಏರಿಸಿತು ಎಂದೂ ವಾದಿಸಬಹುದು.

ಜಪಾನಿನ ಅಕಿಕೊ ಸುಜುಕಿ ಅವರಿಗೆ 2003ರಲ್ಲಿ, ತರಬೇತಿಗಾಗಿ ಮನೆ ಬಿಟ್ಟು ಸೆಂಡಾಯ್ ನಗರಕ್ಕೆ ಹೋದ ಹೊಸತರಲ್ಲಿ ಅನೋರೆಕ್ಸಿಯಾ ತಗುಲಿತು. ಒಂದು ಋತುವಿನ ಸ್ಪರ್ಧೆಗಳನ್ನೇ ಬಿಟ್ಟು ಮನೆಗೆ ಮರಳಿ, ಕುಟುಂಬದ ಆರೈಕೆಯಲ್ಲಿ ಚೇತರಿಸಿಕೊಂಡ ಅವರು 2010 ಮತ್ತು 2014ರ ಒಲಿಂಪಿಕ್ಸ್‌ಗಳೆರಡರಲ್ಲಿಯೂ ಎಂಟನೆಯ ಸ್ಥಾನ ಪಡೆದರು. 2012ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು; ಜಪಾನಿನ ರಾಷ್ಟ್ರೀಯ ಪ್ರಶಸ್ತಿಯನ್ನು ಮೊದಲ ಬಾರಿ ಗೆದ್ದಾಗ ಅವರಿಗೆ 28 ವರ್ಷ. ಹದಿಹರೆಯ ದಾಟಿದರೆ ಸ್ಕೇಟರ್‌ನ ಕಾಲ ಮುಗಿಯಿತು ಎಂಬ ನಂಬಿಕೆಗೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ.

ರಷ್ಯಾದ ಯೂಲಿಯಾ ಲಿಪ್ನಿಟ್ಸ್‌ಕಾಯಾ ಅವರ ಕಥೆ ಬೇರೆ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ 15ನೆಯ ವಯಸ್ಸಿಗೆ ತಂಡ ವಿಭಾಗದ ಚಿನ್ನ ಗೆದ್ದ ಅವರು, ಅನೋರೆಕ್ಸಿಯಾಕ್ಕೆ ಚಿಕಿತ್ಸೆ ಪಡೆದ ನಂತರ 2017ರಲ್ಲಿ, 19ನೆಯ ವಯಸ್ಸಿನಲ್ಲಿ ನಿವೃತ್ತರಾದರು. ಅದೇ ವರ್ಷ ಅಮೆರಿಕದ ಗ್ರೇಸಿ ಗೋಲ್ಡ್ ಖಿನ್ನತೆ, ಆತಂಕ ಮತ್ತು ಆಹಾರ ಸೇವನೆಯ ಅಸ್ವಸ್ಥತೆಗಾಗಿ ಚಿಕಿತ್ಸೆಗೆ ದಾಖಲಾಗಿ ಒಲಿಂಪಿಕ್ ಋತುವಿನಿಂದ ಹಿಂದೆ ಸರಿದರು. 2014 ಮತ್ತು 2016ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಅವರು 2020ರಲ್ಲಿ ಅದೇ ಸ್ಪರ್ಧೆಗೆ ಮರಳಿ 12ನೆಯ ಸ್ಥಾನ ಪಡೆದಾಗ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. 2024ರಲ್ಲಿ ಅವರ ಆತ್ಮಕಥನ ಪ್ರಕಟವಾಯಿತು. ಕೆನಡಾದ ಗೇಬ್ರಿಯಲ್ ಡೇಲ್‌ಮನ್ ಒಲಿಂಪಿಕ್ ತಂಡ ಚಿನ್ನ ಗೆದ್ದ 2018ರಲ್ಲಿಯೇ ಮಾನಸಿಕ ಆರೋಗ್ಯದ ಕಾರಣ ಕೊಟ್ಟು ಮುಂದಿನ ಸ್ಪರ್ಧೆಗಳಿಂದ ಹೊರಗುಳಿದರು.

ಇದು ಮಹಿಳೆಯರ ತೊಂದರೆ ಮಾತ್ರವೆಂಬ ಭಾವನೆಯನ್ನು 2018ರಲ್ಲಿ ಅಮೆರಿಕದ ಆಡಮ್ ರಿಪ್ಪನ್ ಸಡಿಲಿಸಿದರು. ತಮಗಿಂತ ಕಿರಿಯರಾದ, ತೆಳ್ಳಗಿನ ಎದುರಾಳಿಗಳನ್ನು ಕಂಡು ಊಟವನ್ನು ಬ್ರೆಡ್ಡು ಮತ್ತು ಕಾಫಿಗೆ ಇಳಿಸಿಕೊಂಡಿದ್ದುದನ್ನು ಅವರು ಪತ್ರಿಕೆಗೆ ತಿಳಿಸಿದರು.

2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 15 ವರ್ಷದ ಕಮಿಲಾ ವಲಿಯೇವಾ ಉದ್ದೀಪನ ಮದ್ದಿನ ವಿವಾದದ ನಡುವೆ ಸ್ಪರ್ಧಿಸಿ ಪದೇ ಪದೇ ಬಿದ್ದುದನ್ನು ಜಗತ್ತು ನೋಡಿತು. ಅದೇ ವರ್ಷದ ಜೂನ್‌ನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಹಂತಹಂತವಾಗಿ ಏರಿಸುವ ನಿರ್ಣಯವನ್ನು 100-16 ಮತಗಳಿಂದ ಅಂಗೀಕರಿಸಿತು. 2024–25ರ ಋತುವಿನಿಂದ 17ರ ಮಿತಿ ಪೂರ್ಣವಾಗಿ ಜಾರಿಯಲ್ಲಿದೆ. ಮೈನೆರೆಯುವ ಮೊದಲೇ ಗೆದ್ದುಬಿಡಬೇಕೆಂಬ ಅವಸರವನ್ನು ಈ ನಿಯಮ ತಗ್ಗಿಸಬಹುದು. ಆದರೆ ಮೈನೆರೆದ ನಂತರವೂ ಬಾಲಕಿಯ ದೇಹವನ್ನೇ ಉಳಿಸಿಕೊಳ್ಳಬೇಕೆಂಬ ಒತ್ತಡವನ್ನು ಅದು ಹೆಚ್ಚಿಸಲೂಬಹುದು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ಗುರುತಿಸುವಲ್ಲಿನ ತೊಡಕು

ಸಾಮಾನ್ಯ ವ್ಯಕ್ತಿಯಲ್ಲಿ ಎಚ್ಚರಿಕೆಯ ಗಂಟೆಯಾಗುವ ಲಕ್ಷಣಗಳು ಕ್ರೀಡಾಪಟುವಿನಲ್ಲಿ ಗುಣಗಳೆನಿಸಿಕೊಳ್ಳುತ್ತವೆ. ಬೆಳಗಿನ ಅಭ್ಯಾಸ ಮುಗಿದ ಮೇಲೂ ಓಡುವುದು ಶ್ರದ್ಧೆ. ಹಬ್ಬದ ಮನೆಯಲ್ಲಿ ಹೋಳಿಗೆ ಮುಟ್ಟದಿರುವುದು ಸಂಯಮ. ಗಾಯವಾದರೂ ಅಂಗಣಕ್ಕಿಳಿಯುವುದು ಛಲ. ನಿಧಾನಗತಿಯ ಹೃದಯ ಬಡಿತವು ಉತ್ತಮ ತರಬೇತಿಯ ಫಲವೂ ಆಗಿರಬಹುದು, ಹಸಿವಿನಿಂದ ಬಳಲಿದ ದೇಹ ಉಳಿತಾಯಕ್ಕಿಳಿದುದರ ಸೂಚನೆಯೂ ಆಗಿರಬಹುದು. ನಾಡಿ ಹಿಡಿದು ನೋಡಿದಷ್ಟಕ್ಕೆ ವ್ಯತ್ಯಾಸ ತಿಳಿಯದು. ತಿಂಗಳುಗಟ್ಟಲೆ ಮುಟ್ಟು ನಿಂತರೆ ಅಭ್ಯಾಸಕ್ಕೆ ಅನುಕೂಲವಾಯಿತೆಂದು ಭಾವಿಸುವವರೂ ಇದ್ದಾರೆ. ವಾಸ್ತವವಾಗಿ ಮೂಳೆಗಳು ಗಟ್ಟಿಗೊಳ್ಳಬೇಕಾದ ಹದಿಹರೆಯದಲ್ಲಿ ಈಸ್ಟ್ರೋಜನ್ ಕೊರತೆಯಾದರೆ ಆಗುವ ನಷ್ಟವನ್ನು ಮುಂದೆ ಪೂರ್ತಿಯಾಗಿ ತುಂಬಿಕೊಳ್ಳುವುದು ಕಷ್ಟ. ಮತ್ತೆ ಮತ್ತೆ ಬರುವ ಮೂಳೆಯ ಒತ್ತಡ ಬಿರುಕು ಕೆಲವೊಮ್ಮೆ ಕಾಯಿಲೆಯ ಮೊದಲ ಗೋಚರ ಸುಳಿವಾಗಿರುತ್ತದೆ.

ತೂಕ ಇಳಿದ ಆರಂಭದ ವಾರಗಳಲ್ಲಿ ಪ್ರದರ್ಶನ ಸುಧಾರಿಸುವುದುಂಟು. ಇದೇ ಹೆಚ್ಚಿನ ಅಪಾಯ. ಆಗ ಸಿಗುವ ಹೊಗಳಿಕೆ ಕಾಯಿಲೆಗೆ ಗೊಬ್ಬರವಾಗುತ್ತದೆ, ಕುಸಿತ ಬರುವ ಹೊತ್ತಿಗೆ ಉಣ್ಣದಿರುವುದು ಬಿಡಲಾಗದ ಅಭ್ಯಾಸವಾಗಿರುತ್ತದೆ. ತರಬೇತುದಾರರು ತಂಡದ ಎದುರಿಗೆ ತೂಕ ನೋಡುವುದು, ದೇಹವನ್ನು ಕುರಿತು ಹಾಸ್ಯ ಮಾಡುವುದು ರೋಗಕ್ಕೆ ಪ್ರಚೋದಕವಾಗಬಲ್ಲವು. ಅಮೆರಿಕದ ಜಿಮ್ನಾಸ್ಟ್ ಕ್ರಿಸ್ಟಿ ಹೆನ್ರಿಕ್, ತೂಕ ಇಳಿಸಬೇಕೆಂಬ ತೀರ್ಪುಗಾರರೊಬ್ಬರ ಮಾತಿನ ನಂತರ ಕಾಯಿಲೆಗೆ ಬಿದ್ದು 1994ರಲ್ಲಿ, 22ನೆಯ ವಯಸ್ಸಿನಲ್ಲಿ ಅಂಗಾಂಗ ವೈಫಲ್ಯದಿಂದ ಮೃತಪಟ್ಟರು.

ಕರ್ನಾಟಕ ಮತ್ತು ಉತ್ತರ ಬೆಂಗಳೂರು

ಯಲಹಂಕದ ಆಚೆ, ವಿಮಾನ ನಿಲ್ದಾಣದ ಹೆದ್ದಾರಿಯ ಕಡೆ ಇರುವ ಪಡುಕೋಣೆ–ದ್ರಾವಿಡ್ ಕ್ರೀಡಾ ಉತ್ಕೃಷ್ಟತಾ ಕೇಂದ್ರದಲ್ಲಿ ಬ್ಯಾಡ್ಮಿಂಟನ್, ಈಜು ಮುಂತಾದ ಕ್ರೀಡೆಗಳ ಅಕಾಡೆಮಿಗಳಿವೆ. 1994ರಲ್ಲಿ ಆರಂಭವಾದ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಅಕಾಡೆಮಿ ಈಗ ಇಲ್ಲಿಂದಲೇ ನಡೆಯುತ್ತದೆ. ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಉತ್ಕೃಷ್ಟತಾ ಕೇಂದ್ರವೂ 2024ರ ಸೆಪ್ಟೆಂಬರ್‌ನಲ್ಲಿ ವಿಮಾನ ನಿಲ್ದಾಣದ ಸಮೀಪ ಉದ್ಘಾಟನೆಗೊಂಡಿತು. ಹೊರ ಊರುಗಳಿಂದ, ಹೊರ ರಾಜ್ಯಗಳಿಂದ ಚಿಕ್ಕ ವಯಸ್ಸಿನಲ್ಲಿಯೇ ಮಕ್ಕಳು ತರಬೇತಿಗಾಗಿ ಬೆಂಗಳೂರಿಗೆ ಬರುತ್ತಾರೆ. ಅಲ್ಮೋರಾದ ಲಕ್ಷ್ಯ ಸೇನ್ ಬಾಲಕನಾಗಿದ್ದಾಗಲೇ ಹೀಗೆ ಬಂದವರು. ಮನೆಯಿಂದ ದೂರವಿರುವ ಮಗುವಿನ ತಟ್ಟೆಯನ್ನು ದಿನವೂ ಗಮನಿಸುವವರು ಯಾರು ಎಂಬುದು ಸುಜುಕಿ ಅವರ ಪ್ರಕರಣದಂತೆಯೇ ಇಲ್ಲಿಯೂ ಏಳುವ ಪ್ರಶ್ನೆ.

ಕರ್ನಾಟಕದ ಪ್ರಮುಖ ಕ್ರೀಡಾಪಟುಗಳು ಖಿನ್ನತೆಯ ಬಗ್ಗೆ ಮಾತನಾಡಿದ್ದಾರೆ. ಕೊಡಗು ಮೂಲದ ಕ್ರಿಕೆಟಿಗ, 2007ರ ಟಿ20 ವಿಶ್ವಕಪ್ ವಿಜೇತ ತಂಡದ ಸದಸ್ಯ ರಾಬಿನ್ ಉತ್ತಪ್ಪ, 2009ರಿಂದ 2011ರ ಅವಧಿಯಲ್ಲಿ ತಮಗೆ ಖಿನ್ನತೆಯೂ ಆತ್ಮಹತ್ಯೆಯ ಯೋಚನೆಗಳೂ ಇದ್ದುದನ್ನು 2020ರಲ್ಲಿ ಬಹಿರಂಗಪಡಿಸಿದರು. ಪ್ರಕಾಶ್ ಪಡುಕೋಣೆ ಅವರ ಮಗಳು, ಬೆಂಗಳೂರಿನಲ್ಲಿ ಬೆಳೆದು ರಾಷ್ಟ್ರಮಟ್ಟದಲ್ಲಿ ಬ್ಯಾಡ್ಮಿಂಟನ್ ಆಡಿದ್ದ ದೀಪಿಕಾ ಪಡುಕೋಣೆ, 2014ರಲ್ಲಿ ತಮ್ಮನ್ನು ಕಾಡಿದ ಖಿನ್ನತೆಯನ್ನು ಮರುವರ್ಷ ದೂರದರ್ಶನ ಸಂದರ್ಶನದಲ್ಲಿ ವಿವರಿಸಿದರು. ಆಗ ಅವರು ಕ್ರೀಡೆ ಬಿಟ್ಟು ಚಿತ್ರರಂಗದಲ್ಲಿದ್ದರು. 2015ರಲ್ಲಿ ಅವರು ಸ್ಥಾಪಿಸಿದ 'ಲಿವ್ ಲವ್ ಲಾಫ್' ಪ್ರತಿಷ್ಠಾನವು ತನ್ನ ಗ್ರಾಮೀಣ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದಾವಣಗೆರೆ ಜಿಲ್ಲೆಯಲ್ಲಿ ಆರಂಭಿಸಿತು. ಇವೆರಡೂ ಖಿನ್ನತೆಯ ಪ್ರಕರಣಗಳು. ಆಹಾರ ಸೇವನೆಯ ಅಸ್ವಸ್ಥತೆಗೆ ರಾಜ್ಯದ ಕ್ರೀಡಾರಂಗದಲ್ಲಿ ಇಷ್ಟು ಪರಿಚಿತವಾದ ದನಿ ಸಿಕ್ಕಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕಂಚಿನ ಪದಕದ ಪಂದ್ಯದಲ್ಲಿ ಲಕ್ಷ್ಯ ಸೇನ್ ಸೋತಾಗ, ಆಟಗಾರರು ಹೊಣೆ ಹೊರಬೇಕೆಂಬ ಪ್ರಕಾಶ್ ಪಡುಕೋಣೆ ಅವರ ಮಾತು ದೊಡ್ಡ ಸುದ್ದಿಯಾಯಿತು. ಮನಸ್ಸಿನ ತರಬೇತಿಗೆ ಭಾರತದಲ್ಲಿ ಸಾಕಷ್ಟು ಗಮನ ಸಿಕ್ಕಿಲ್ಲವೆಂದೂ ಅವರು ಅದೇ ಸಂದರ್ಭದಲ್ಲಿ ಹೇಳಿದ್ದರು. ಪಂದ್ಯದ ಒತ್ತಡ ತಾಳುವ ತರಬೇತಿ ಬೇರೆ, ಕಾಯಿಲೆಗೆ ಚಿಕಿತ್ಸೆ ಬೇರೆ. ಕ್ರೀಡಾ ಮನಶ್ಶಾಸ್ತ್ರಜ್ಞರೊಬ್ಬರನ್ನು ನೇಮಿಸಿದ ಮಾತ್ರಕ್ಕೆ ಎರಡನೆಯದು ಪೂರೈಸಿದಂತಾಗುವುದಿಲ್ಲ. ಅದೇ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದ ಫೈನಲ್‌ನಿಂದ 100 ಗ್ರಾಂ ಹೆಚ್ಚುವರಿ ತೂಕಕ್ಕಾಗಿ ಅನರ್ಹಗೊಂಡುದು, ಸ್ಪರ್ಧೆಗೆ ಮುನ್ನ ನೀರು ಮತ್ತು ಆಹಾರ ಬಿಟ್ಟು ತೂಕ ಇಳಿಸುವ ಪದ್ಧತಿಯನ್ನು ದೇಶದ ಮನೆಮನೆಗೆ ಪರಿಚಯಿಸಿತು. ಇದು ತಾನಾಗಿ ಮಾನಸಿಕ ಕಾಯಿಲೆಯಲ್ಲ, ಆದರೆ ಅದಕ್ಕೆ ನೆರೆಮನೆಯಂತಿದೆ. ಕ್ರಿಕೆಟ್‌ನಲ್ಲಿ ತೂಕದ ಬಗ್ಗೆ ದೀರ್ಘಕಾಲ ಟೀಕೆ ಕೇಳಿದ ಸರ್ಫರಾಜ್ ಖಾನ್ 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ವಿರುದ್ಧ 150 ರನ್ ಗಳಿಸಿದ್ದು, ಮೈಕಟ್ಟಿನಿಂದ ಸಾಮರ್ಥ್ಯ ಅಳೆಯುವ ವಾಡಿಕೆಗೆ ಎದುರಾಗಿ ನಿಲ್ಲುವ ಉದಾಹರಣೆ.

ಭಾರತದ ನಗರಗಳಲ್ಲಿ ಈ ಕಾಯಿಲೆಗಳು ಇಲ್ಲವೆಂಬ ಹಳೆಯ ಅಭಿಪ್ರಾಯವನ್ನು ಪರೀಕ್ಷಿಸಿದ್ದು ಬೆಂಗಳೂರಿನಲ್ಲಿಯೇ. ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು ನಗರದ ಮನೋವೈದ್ಯರ ನಡುವೆ ನಡೆಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸುಮಾರು ಮೂರನೆಯ ಎರಡರಷ್ಟು ವೈದ್ಯರು ಇಂಥ ಒಬ್ಬರಾದರೂ ರೋಗಿಯನ್ನು ಕಂಡಿರುವುದಾಗಿ ತಿಳಿಸಿದರು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಹೀಗಾಗಿ ಸುಸ್ತು, ತಲೆಸುತ್ತು ಎಂದು ಬಂದ ಆಟಗಾರ್ತಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳುಹಿಸುವುದು ಸಹಜ. ಊಟದ ಬಗ್ಗೆ ಮುಂದಿನ ಪ್ರಶ್ನೆ ಕೇಳದೇ ಹೋಗುವ ಸಾಧ್ಯತೆಯೂ ಅಷ್ಟೇ ಸಹಜ. ವಾರಕ್ಕೊಂದೊಪ್ಪತ್ತು, ವ್ರತಗಳು ವಾಡಿಕೆಯಲ್ಲಿರುವ ಮನೆಗಳಲ್ಲಿ ಉಪವಾಸವು ಕಾಯಿಲೆಗೆ ಒಳ್ಳೆಯ ಮರೆಯಾಗಬಲ್ಲದು.

ನಿಯಮಗಳು

ಕೆಲವು ಕ್ರೀಡೆಗಳು ತೂಕದ ಲಾಭವನ್ನೇ ನಿಯಮದ ಮೂಲಕ ಮೊಟಕುಗೊಳಿಸಿವೆ. ಸ್ಕೀ ಜಿಗಿತದಲ್ಲಿ 2004ರಿಂದ, ಎತ್ತರಕ್ಕೆ ತಕ್ಕ ತೂಕವಿಲ್ಲದವರು ಗಿಡ್ಡ ಸ್ಕೀಗಳನ್ನು ಬಳಸಬೇಕು; ಅದರಿಂದ ಹಾರುವ ದೂರ ಕಡಿಮೆಯಾಗಿ ಹಗುರ ದೇಹದ ಅನುಕೂಲ ಹೋಗುತ್ತದೆ. 1997ರಲ್ಲಿ ತೂಕ ಇಳಿಸುವ ಯತ್ನದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತ ಮೇಲೆ ಅಮೆರಿಕದ ಕಾಲೇಜು ಕುಸ್ತಿಯ ತೂಕ ನಿಯಮಗಳು ಬದಲಾದವು. ಒಲಿಂಪಿಕ್ ಸಮಿತಿಯು 2019ರಲ್ಲಿ ಉನ್ನತ ಮಟ್ಟದ ಕ್ರೀಡಾಪಟುಗಳ ಮಾನಸಿಕ ಆರೋಗ್ಯ ಕುರಿತ ಒಮ್ಮತದ ಹೇಳಿಕೆಯನ್ನು ಪ್ರಕಟಿಸಿ, ತರುವಾಯ ತಂಡದ ವೈದ್ಯರು ಬಳಸಬಹುದಾದ ಪ್ರಶ್ನಾವಳಿಯೊಂದನ್ನು ರೂಪಿಸಿತು.

ಚಿಕಿತ್ಸೆ

ಮಾನಸಿಕ ಕಾಯಿಲೆಗಳಲ್ಲಿ ಅನೋರೆಕ್ಸಿಯಾದ ಮರಣ ಪ್ರಮಾಣ ಅತಿ ಹೆಚ್ಚಿನವುಗಳಲ್ಲಿ ಒಂದು. ಆದರೆ ಬೇಗ ಚಿಕಿತ್ಸೆ ದೊರೆತರೆ ಬಹಳ ಮಂದಿ ಗುಣವಾಗುತ್ತಾರೆ. ಮನೋವೈದ್ಯರು, ಕ್ರೀಡಾವೈದ್ಯರು ಮತ್ತು ಪೌಷ್ಟಿಕಾಂಶ ತಜ್ಞರು ಒಟ್ಟಾಗಿ ನೋಡಿಕೊಳ್ಳುವುದು ವಾಡಿಕೆ. ಬುಲಿಮಿಯಾ ಮತ್ತು ಅತಿಸೇವನೆಗೆ ಅರಿವು-ವರ್ತನಾ ಚಿಕಿತ್ಸೆ ಮುಖ್ಯ. ಬುಲಿಮಿಯಾದಲ್ಲಿ ಫ್ಲುಯೊಕ್ಸೆಟಿನ್ ಔಷಧವನ್ನೂ ಬಳಸುತ್ತಾರೆ. ಹದಿಹರೆಯದವರ ಅನೋರೆಕ್ಸಿಯಾದಲ್ಲಿ ಕುಟುಂಬ ಆಧಾರಿತ ಚಿಕಿತ್ಸೆಗೆ ಹೆಚ್ಚಿನ ಪುರಾವೆ ಇದೆ. ಇದರಲ್ಲಿ ತಂದೆತಾಯಿಯರೇ ಕೆಲಕಾಲ ಮಗುವಿನ ಊಟದ ಹೊಣೆ ಹೊರುತ್ತಾರೆ. ಹಾಸ್ಟೆಲ್‌ನಲ್ಲಿರುವ ಮಗುವಿಗೆ ಇದು ನಡೆಯದ ಮಾತಾದ್ದರಿಂದ ತರಬೇತಿ ನಿಲ್ಲಿಸಿ ಮನೆಗೆ ಹೋಗಬೇಕಾಗಬಹುದು ಅಥವಾ ಪೋಷಕರೊಬ್ಬರು ಬಂದು ಜೊತೆಗಿರಬೇಕಾಗಬಹುದು.

ಬಹುಕಾಲ ಸರಿಯಾಗಿ ಉಣ್ಣದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಬಡಿಸುವುದು ಅಪಾಯಕಾರಿ. ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಮುಂತಾದ ಲವಣಾಂಶಗಳು ಹಠಾತ್ತನೆ ಕುಸಿದು ಹೃದಯದ ಲಯ ತಪ್ಪಬಹುದು. ತೀರ ಬಡಕಲಾದವರಿಗೆ ಆಸ್ಪತ್ರೆಯಲ್ಲಿ, ರಕ್ತಪರೀಕ್ಷೆಯೊಂದಿಗೆ, ಸ್ವಲ್ಪಸ್ವಲ್ಪವಾಗಿ ಆಹಾರ ಹೆಚ್ಚಿಸಲಾಗುತ್ತದೆ. ತಲೆಸುತ್ತಿ ಬೀಳುವುದು, ಎದೆಬಡಿತದ ಏರುಪೇರು, ಪದೇ ಪದೇ ವಾಂತಿ ಅಥವಾ ಆತ್ಮಹತ್ಯೆಯ ಮಾತು ಕಂಡಲ್ಲಿ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ತರಬೇತಿಗೆ ಮರಳುವುದನ್ನು ಹೃದಯದ ಸ್ಥಿತಿ, ಲವಣಾಂಶ, ಮೂಳೆಯ ಆರೋಗ್ಯ ಮತ್ತು ಊಟದ ಕ್ರಮವನ್ನು ನೋಡಿ ವೈದ್ಯರು ಹಂತಹಂತವಾಗಿ ನಿರ್ಧರಿಸುತ್ತಾರೆ. ರೋಗಿಗಳ ಕನಿಷ್ಠ ತೂಕದ ಅಂಕಿಗಳನ್ನೂ ತಿಂದ ಆಹಾರದ ಪ್ರಮಾಣವನ್ನೂ ಪ್ರಕಟಿಸಬಾರದೆಂದು ಮಾಧ್ಯಮಗಳಿಗೆ ತಜ್ಞರು ಸೂಚಿಸುತ್ತಾರೆ. ಕಾಯಿಲೆಯಲ್ಲಿರುವವರು ಆ ಅಂಕಿಗಳನ್ನು ಗುರಿಯಾಗಿ ಓದಿಕೊಳ್ಳುವುದೇ ಇದಕ್ಕೆ ಕಾರಣ.

ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಮಾನಸಿಕ ಆರೋಗ್ಯದ ಪ್ರಮುಖ ಸಾರ್ವಜನಿಕ ಸಂಸ್ಥೆ. ನಗರದ ಉತ್ತರ ಭಾಗದವರಿಗೆ ಯಶವಂತಪುರ–ಹೆಬ್ಬಾಳ ನಡುವಿನ ಎಂ. ಎಸ್. ರಾಮಯ್ಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರದ ಬೋಧನಾ ಆಸ್ಪತ್ರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿದೆ. 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.